ಬೋಜಾ ಬಿಯರ್ ಅಲ್ಲ ಮಾರಾಯ್ರೇ

ಈಗಷ್ಟೇ ಒಂದು ರೀಲ್ ನೋಡಿ ತಲೆ ಕೆಟ್ಟು ಕೂತಿದ್ದೀನಿ. ಇಸ್ತಾನ್‌ಬುಲ್‌ನ ವೆಫಾ ಬೋಜಾಜಿಸಿ, ಬೋಜಾ ಅನ್ನೋ ಗಟ್ಟಿ ಧಾನ್ಯದ ಪಾನೀಯ ಮಾರೋ ಹಳೇ ಅಂಗಡಿ. ಹುಡುಗ ನಮ್ಮ ಕಡೆಯವನೇ, ಕನ್ನಡ ಚೆನ್ನಾಗಿ ಮಾತಾಡ್ತಾನೆ. ಲೋಟ ಎತ್ತಿ ಒಂದೇ ಗುಟುಕಿಗೆ ಗಂಟಲಿಗೆ ಸುರ್ಕೊಳ್ಳೋಕೆ ಹೋದ. ಅದು ಇಳಿಯಲಿಲ್ಲ. ಮುಖ ಹಿಂಡಿ, "ಟರ್ಕಿಯ 150 ವರ್ಷದ ಬಿಯರ್ ಗುರೂ, ಕೆಟ್ಟುಹೋದ ಗಂಜಿ ಥರ ಇದೆ, ಹತ್ತಕ್ಕೆ ಎರಡು" ಅಂದು ಲೋಟವನ್ನು ಹಾಗೇ ಬಿಟ್ಟು ಎದ್ದ. ಕೆಳಗೆ ನಗುವ ಎಮೋಜಿಗಳ ಜಾತ್ರೆ.

ಬಿಯರ್ ಅಂತೆ! ಬಿಯರ್‌ನಲ್ಲಿ ಆಲ್ಕೋಹಾಲ್ ನೂರಕ್ಕೆ ನಾಲ್ಕೈದು. ಇದರಲ್ಲಿ ಸಾಮಾನ್ಯವಾಗಿ ಒಂದೂ ದಾಟಲ್ಲ. ಸುಲೇಮಾನಿಯೆ ಮಸೀದಿಯಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದ ಅಂಗಡಿ ಅದು. ಅಜ್ಜಿಯರು ಮೊಮ್ಮಕ್ಕಳನ್ನು ಕರ್ಕೊಂಡು ಬಂದು, ಕೈಗೆ ಚಮಚ ಕೊಟ್ಟು ತಿನ್ನಿಸ್ತಾರೆ. ಕುಡಿಸೋದಲ್ಲ, ತಿನ್ನಿಸೋದು. ಆ ಚಮಚವನ್ನೇ ಈ ಮಹಾಶಯ ಮುಟ್ಟಲಿಲ್ಲ.

ಬೋಜಾ ಅಂದ್ರೆ ಹುಳಿ ಬಂದ ಧಾನ್ಯದ ಗಂಜಿ, ಅಷ್ಟೇ. ಟರ್ಕಿಯವರು 'ದಾರಿ' ಅನ್ನೋ ಸಿರಿಧಾನ್ಯ ನಮ್ಮ ಬರಗೇ ಹೊರತು ಬೇರೇನಲ್ಲ. ಬರಗಿನ ನುಚ್ಚು ಬೇಯಿಸಿ, ಸೋಸಿ, ಸಕ್ಕರೆ ಹಾಕಿ, ಆರಿಸಿ, ಹಳೇ ಬೋಜಾದ ಹೆಪ್ಪು ಹಾಕ್ತಾರೆ. ಆಮೇಲಿನ ಕೆಲಸ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ಗಳದ್ದು. ಬ್ಯಾಕ್ಟೀರಿಯಾ ಹುಳಿ ತರುತ್ತವೆ, ಯೀಸ್ಟ್ ಗುಳ್ಳೆ ತರುತ್ತೆ. ನಮ್ಮ ಇಡ್ಲಿ ಹಿಟ್ಟು ಉಬ್ಬಿಸೋ ಲ್ಯೂಕೊನೊಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ ಬಳಗವೇ ಅಲ್ಲೂ ಇದೆ. ಹಾಗಾದ್ರೆ ಇಡ್ಲಿಯನ್ನೂ ಬಿಯರ್ ಅನ್ನಿ, ನೋಡೋಣ.

ಸರಿ, ಒಬ್ಬರು ಇತಿಹಾಸ ತೆಗೀತಾರೆ ಅಂತ ಗೊತ್ತು. ಆಟೊಮನ್ ಕಾಲದಲ್ಲಿ ಬೋಜಾ ನಿಷೇಧ ಆಗಿತ್ತಲ್ಲ ಅಂತ. ಆಗಿತ್ತು. 16ನೇ ಶತಮಾನದಲ್ಲಿ ಸುಲ್ತಾನ 2ನೇ ಸಲೀಮ್ ನಿಷೇಧಿಸಿದ್ದು ಅಫೀಮು ಬೆರೆಸಿದ 'ತಾತಾರ್ ಬೋಜಾ'ವನ್ನ. ತಪ್ಪು ಅಫೀಮಿನದ್ದು, ಬರಗಿನದ್ದಲ್ಲ. ಮುಂದಿನ ಶತಮಾನದ ಪ್ರವಾಸಿ ಎವ್ಲಿಯಾ ಚೆಲೆಬಿ, ಇಸ್ತಾನ್‌ಬುಲ್‌ನಲ್ಲಿ 300 ಬೋಜಾ ಅಂಗಡಿಗಳಿವೆ ಅಂತ ಲೆಕ್ಕ ಬರೆದಿಟ್ಟಿದ್ದಾನೆ. ಹುಳಿ ಬೋಜಾ, ಸಿಹಿ ಬೋಜಾ ಅಂತ ಎರಡು ಬಗೆ ಇತ್ತು. ಹೆಚ್ಚು ಹುಳಿಸಿದರೆ ಕಿಕ್ ಬರ್ತಿತ್ತು ಅನ್ನೋದೂ ನಿಜವೇ. ಆದ್ರೆ ಇವತ್ತು ವೆಫಾದಲ್ಲಿ ಸಿಗೋದು ಸಿಹಿ ಕಡೆಯದ್ದು. ಈಜಿಪ್ಟಿನ 'ಬೂಜಾ' ಬೇರೆಯದೇ ಸರಕು, ಅದಕ್ಕೆ ಕಿಕ್ ಇದೆ. ಹೆಸರು ಒಂದೇ ಥರ ಕೇಳಿಸ್ತು ಅಂತ ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ವೆಫಾ ಶುರುವಾಗಿದ್ದು 1876ರಲ್ಲಿ. ಹಾಜಿ ಸಾದಿಕ್ ಬೇ ಅನ್ನೋರು ಇವತ್ತಿನ ಕೊಸೊವೊದ ಪ್ರಿಜ್ರೆನ್‌ನಿಂದ 1870ರಲ್ಲಿ ಇಸ್ತಾನ್‌ಬುಲ್‌ಗೆ ಬಂದವರು. ಅಂಗಡಿಯ ಮನೆತನ ಹೇಳೋ ಪ್ರಕಾರ, ಆಗ ಊರಲ್ಲಿ ಸಿಗ್ತಿದ್ದದ್ದು ನೀರುನೀರಾದ, ಕಪ್ಪಗಿನ, ಹುಳಿ ಬೋಜಾ. ಈ ಮನುಷ್ಯ ಅದನ್ನು ಗಟ್ಟಿ ಮಾಡಿದ, ತಿಳಿಹಳದಿ ಬಣ್ಣಕ್ಕೆ ತಂದ. ಅಂದ್ರೆ ರೀಲ್‌ನವನು ಯಾವ ಗಟ್ಟಿತನಕ್ಕೆ ಎಂಟು ಅಂಕ ಕಿತ್ತುಕೊಂಡನೋ, ಆ ಗಟ್ಟಿತನದಿಂದಲೇ ಆ ಅಂಗಡಿಗೆ ಹೆಸರು ಬಂದದ್ದು! ಗೋಡೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಟರ್ಕಿ ಗಣರಾಜ್ಯದ ಸ್ಥಾಪಕ ಅತಾತುರ್ಕ್ 1937ರಲ್ಲಿ ಬೋಜಾ ಕುಡಿದ ಲೋಟ ಇದೆ. ಅದರ ಜೊತೆ ಸೆಲ್ಫಿ ಮಾತ್ರ ಹುಡುಗ ಬಿಟ್ಟಿಲ್ಲ.

ನಾನೇನು ಸಾಚಾ ಅಲ್ಲ. ಮೊದಲ ಸಲ ಸ್ಟ್ರಾ ಕೇಳಿದ ಪುಣ್ಯಾತ್ಮ ನಾನೇ. ಅದಕ್ಕೇ ಈಗ ಹೇಳ್ತಿರೋದು, ಹೋಗೋರು ಕೇಳಿಸ್ಕೊಳ್ಳಿ.

ವೆಜ್ನೆಜಿಲೆರ್ ಮೆಟ್ರೊದಲ್ಲಿ ಇಳಿದು ನಡೀರಿ. ಅಂಗಡಿಯೊಳಗೆ ಹೋಗೋ ಮೊದಲು ಎದುರಿನ ಕಡಲೆ ಅಂಗಡಿಗೆ ಹೋಗಿ ಬಿಸಿ ಹುರಿಗಡಲೆ, ಅವರ ಭಾಷೇಲಿ 'ಲೆಬ್ಲೆಬಿ', ಪೊಟ್ಟಣ ಕಟ್ಟಿಸ್ಕೊಳ್ಳಿ. ಅದನ್ನು ಬೋಜಾ ಅಂಗಡಿಯೊಳಗೆ ತರೋದು ಅಲ್ಲಿನ ರೂಢಿ, ಯಾರೂ ಏನೂ ಅನ್ನಲ್ಲ. ಕೌಂಟರ್ ಮೇಲೆ ತುಂಬಿದ ಲೋಟಗಳು ಸಾಲಾಗಿ ನಿಂತಿರ್ತವೆ. ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿರ್ತಾರೆ. ಅದು ಮುಳುಗಲ್ಲ, ಗಟ್ಟಿ ಮೊಸರಿನ ಮೇಲೆ ಉದುರಿಸಿದ ಜೀರಿಗೆ ಪುಡಿ ಥರ ಹಾಗೇ ಕೂತಿರುತ್ತೆ. ಚಮಚ ಎಳೆದರೆ ಗೆರೆ ಬಿದ್ದು, ನಿಧಾನವಾಗಿ ಮುಚ್ಚಿಕೊಳ್ಳುತ್ತೆ. ಕಡಲೆಯನ್ನು ಒಟ್ಟಿಗೆ ಸುರೀಬೇಡಿ, ಮೆತ್ತಗಾಗಿಬಿಡುತ್ತೆ. ಒಂದು ಚಮಚ ಬೋಜಾಕ್ಕೆ ನಾಲ್ಕು ಕಾಳು. ಮೊದಲು ಸಿಹಿ, ಹಿಂದೆಯೇ ಹುಳಿ, ಕೊನೆಗೆ ನಾಲಿಗೆ ಮೇಲೆ ಸಣ್ಣ ಚುರುಕು. ಆ ಚುರುಕೇ ನಿಮ್ಮ 'ಬಿಯರ್'.

ಇದು ಚಳಿಗಾಲದ ಸರಕು ಅನ್ನೋದೂ ಮರೀಬೇಡಿ. ಶೀತಪೆಟ್ಟಿಗೆ ಇಲ್ಲದ ಕಾಲದಲ್ಲಿ ಸೆಖೆಗೆ ಬೋಜಾ ಒಂದೇ ದಿನದಲ್ಲಿ ಹದ ಮೀರಿ ಹುಳಿಯುತ್ತಿತ್ತು. ಬೇಸಿಗೆಗೆ ದ್ರಾಕ್ಷಿ ರಸದ 'ಶಿರಾ' ಇದೆ. ನಮ್ಮ ರವೆ ಶಿರಾ ಅಲ್ಲ, ಗಾಬರಿ ಬೇಡ. "ಬೋಜಾ ಮಾರೋನಿಗೆ ಶಿರಾ ಮಾರೋನೇ ಸಾಕ್ಷಿ" ಅಂತ ತುರ್ಕರ ಗಾದೆ. ಕಳ್ಳರಿಗೆ ಕಳ್ಳರೇ ಸಾಕ್ಷಿ ಅನ್ನೋ ಅರ್ಥದಲ್ಲಿ. ಆ ರೀಲ್‌ನ ಕಾಮೆಂಟುಗಳನ್ನು ಓದುವಾಗ ಇದೇ ನೆನಪಾಯ್ತು.

"ಪ್ರವಾಸಿಗೆ ರುಚಿ ಹಿಡಿಸಲಿಲ್ಲ, ಅದಕ್ಕೆ ಇಷ್ಟು ಕೂಗಾಟ ಯಾಕೆ?" ಅಂತೀರಿ. ಹಿಡಿಸದಿದ್ರೆ ಬೇಡ. ನನಗೂ ಹಾಗಲಕಾಯಿ ಹಿಡಿಸಲ್ಲ, ಹಾಗಂತ ಅದನ್ನು ಕೊಳೆತ ಸೌತೆಕಾಯಿ ಅಂತ ಊರಿಗೆಲ್ಲ ಸಾರಲ್ಲ.

ನಂಬಿಕೆ ಬರದಿದ್ರೆ ಮನೇಲೇ ಮಾಡಿ ನೋಡಿ. ಬರಗಿನ ಅಕ್ಕಿ 250 ಗ್ರಾಂ ತೊಳೆದು ರಾತ್ರಿ ನೆನೆಸಿ. ಬೆಳಗ್ಗೆ ತರಿತರಿಯಾಗಿ ರುಬ್ಬಿ, ಒಂದೂವರೆ ಲೀಟರ್ ನೀರಿನಲ್ಲಿ ಸಣ್ಣ ಉರಿಯಲ್ಲಿ ಒಂದು ಗಂಟೆಯಾದ್ರೂ ಬೇಯಿಸಿ. ತಿರುವುತ್ತಲೇ ಇರಬೇಕು, ತಳ ಹತ್ತಿದರೆ ಆ ಸುಟ್ಟ ವಾಸನೆಯನ್ನ ಯಾವ ದಾಲ್ಚಿನ್ನಿಯೂ ಮುಚ್ಚಲ್ಲ. ಗಟ್ಟಿಯಾದಂತೆಲ್ಲ ಬಿಸಿನೀರು ಸೇರಿಸಿ. ಬಿಸಿ ಇರುವಾಗಲೇ ಜರಡಿಯಲ್ಲಿ ಸೌಟಿನಿಂದ ಉಜ್ಜಿ ಸೋಸಿ. ಆರಿದ ಮೇಲೆ ಪಿಷ್ಟ ಹೆಪ್ಪುಗಟ್ಟಿ ಜರಡಿಯಿಂದ ಇಳಿಯಲ್ಲ, ಅರ್ಧ ಜನ ಎಡವೋದು ಇಲ್ಲೇ. 150 ಗ್ರಾಂ ಸಕ್ಕರೆಯನ್ನೂ ಬಿಸಿಯಲ್ಲೇ ಕರಗಿಸಿ.

ಇನ್ನರ್ಧ ಜನ ಎಡವೋದು ಹೆಪ್ಪಿನ ಹತ್ತಿರ. ಪಾತ್ರೆಯ ಹೊರಮೈ ಮುಟ್ಟಿದರೆ ಬಿಸಿಯೇ ಗೊತ್ತಾಗಬಾರದು, ಅಷ್ಟು ಆರಿರಬೇಕು. ಅವಸರ ಮಾಡಿದ್ರೆ ಹೆಪ್ಪು ಸಾಯುತ್ತೆ, ಮರುದಿನ ನಿಮ್ಮ ಪಾತ್ರೆಯಲ್ಲಿ ಬರೀ ಸಿಹಿ ಗಂಜಿ. ಹಳೇ ಬೋಜಾ ಇದ್ದರೆ ಮೂರು ದೊಡ್ಡ ಚಮಚ. ಇಲ್ಲದಿದ್ರೆ ಎರಡು ದೊಡ್ಡ ಚಮಚ ಮೊಸರು, ಕಾಲು ಟೀ ಚಮಚ ಒಣ ಯೀಸ್ಟ್. ಬರೀ ಯೀಸ್ಟ್ ಹಾಕಿದ್ರೆ ಬ್ರೆಡ್ ಹಿಟ್ಟಿನ ವಾಸನೆ ಬರುತ್ತೆ, ಹುಳಿ ಬರಲ್ಲ. ಬರೀ ಮೊಸರು ಹಾಕಿದ್ರೆ ಹುಳಿ ಬರುತ್ತೆ, ಗುಳ್ಳೆ ಬರಲ್ಲ. ಬಟ್ಟೆ ಮುಚ್ಚಿ 20–25 ಡಿಗ್ರಿಯಲ್ಲಿ ಒಂದು ದಿನ ಇಡಿ, ಮಧ್ಯೆ ಎರಡು ಮೂರು ಸಲ ಕದಡಿ. ಮೇಲೆ ಸಣ್ಣ ಗುಳ್ಳೆ ಕಂಡು, ಮೂಗಿಗೆ ತೆಳು ಹುಳಿ ಬಡಿದ ತಕ್ಷಣ ಫ್ರಿಜ್‌ಗೆ. ಏಪ್ರಿಲ್‌ನಲ್ಲಿ ರಾಯಚೂರಲ್ಲಿ ಕೂತು ಮಾಡೋರು ಎಂಟು ಗಂಟೆಗೇ ಮೂಸಿ ನೋಡಿ. ಮೇಲೆ ತಿಳಿ ನಿಂತರೆ ಕೆಟ್ಟಿದೆ ಅಂತಲ್ಲ, ಕದಡಿ. ಗುಲಾಬಿ ಅಥವಾ ಕಪ್ಪು ಚುಕ್ಕೆ ಕಂಡರೆ ಯೋಚನೆ ಮಾಡದೆ ಚೆಲ್ಲಿ. ಮೊದಲ ಸಲದ್ದು ಅಷ್ಟಕ್ಕಷ್ಟೇ ಇರುತ್ತೆ. ಅದನ್ನೇ ಹೆಪ್ಪು ಮಾಡಿ ಎರಡನೇ ಸಲ ಮಾಡಿದಾಗ ರುಚಿ ಕೂರುತ್ತೆ.

ಹಾಂ, ಆ ಹುಡುಗ ರೀಲ್‌ನ ಕೊನೆಗೆ "ಫ್ರೆಂಡ್ಸ್‌ಗೆ ಬಿಯರ್" ಅಂತ ಒಂದು ಲೀಟರ್ ಬಾಟಲಿ ಕೊಂಡು ಬ್ಯಾಗಿಗೆ ತುರುಕಿದ್ದೂ ಕಾಣಿಸ್ತು. ಯಾರಿಗಾದ್ರೂ ಪರಿಚಯ ಇದ್ರೆ ಹೇಳಿ: ಅದಿನ್ನೂ ಜೀವಂತ ಇದೆ, ಒಳಗೆ ಗ್ಯಾಸ್ ಕಟ್ತಾನೇ ಇದೆ. ಇವತ್ತು ರಾತ್ರಿಯೇ ಹೊರಗೆ ತೆಗೆದು, ಮುಚ್ಚಳ ಸ್ವಲ್ಪ ಸಡಿಲಿಸಿ, ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಲಿ. ಇಲ್ಲದಿದ್ರೆ ಸೂಟ್‌ಕೇಸಿನ ಬಟ್ಟೆಯೆಲ್ಲ ಬೋಜಾ ಕುಡಿಯುತ್ತೆ.