ಅಕ್ಷರ ದುಂಡಗಿದ್ದರೆ ಸಿಆರ್

ಎಂ.ಎ. ಮೊದಲ ವರ್ಷದ ಎರಡನೇ ವಾರ ಇರಬೇಕು. ವಿಭಾಗದ ಮುಖ್ಯಸ್ಥರು ಹಾಜರಿ ಪುಸ್ತಕದಿಂದ ತಲೆ ಎತ್ತಿ, "ಯಾರದ್ರಪ್ಪಾ ಇಲ್ಲಿ ಅಕ್ಷರ ದುಂಡಗಿರೋದು?" ಅಂದರು. ಪಕ್ಕದಲ್ಲಿ ಕೂತಿದ್ದವನು ನನ್ನ ಕಡೆ ಬೆರಳು ತೋರಿಸಿದ. "ಸರಿ, ನೀನೇ ಸಿಆರ್." ಸಿಆರ್ ಅಂದ್ರೆ ಕ್ಲಾಸ್ ರೆಪ್ರೆಸೆಂಟೇಟಿವ್. ನಲವತ್ತು ಚಿಲ್ಲರೆ ಜನರ ಪ್ರತಿನಿಧಿಯಾಗೋಕೆ ನನಗೆ ಹಿಡಿದಿದ್ದು ಅರ್ಧ ನಿಮಿಷ. (ಯಾವ ವಿಶ್ವವಿದ್ಯಾಲಯ ಅಂತ ಹೇಳಲ್ಲ. ಇನ್ನೆಲ್ಲೋ ಓದಿದವರಿಗೂ ಇದು ತಮ್ಮದೇ ಅನ್ನಿಸೀತು.)

ಎರಡು ವರ್ಷ ನಾನು ಮಾಡಿದ ಘನಕಾರ್ಯ ಏನು ಅಂದ್ರೆ, ಆಫೀಸಿಂದ ಸೀಮೆಸುಣ್ಣ ತಂದೆ. ಜೆರಾಕ್ಸ್ ದುಡ್ಡು ಎತ್ತಿದೆ. ಸೆಮಿನಾರ್ ಇದ್ದ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ತರೋಕೆ ಪೇಟೆಗೆ ಓಡಿದೆ. ಇಂಟರ್ನಲ್ಸ್ ಅಂಕಗಳನ್ನ ದುಂಡಗೆ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದೆ. ಮೇಷ್ಟ್ರ ಮಾತು ಹುಡುಗರಿಗೆ ಮುಟ್ಟಿಸೋದರಲ್ಲಿ ನನಗೆ ಸಾಟಿಯಿಲ್ಲ. ಹುಡುಗರ ಮಾತು ಮೇಲಕ್ಕೆ ಹೋಗೋ ದಾರಿ ಯಾವುದು ಅಂತ ಯಾರೂ ಹೇಳಿಕೊಡಲಿಲ್ಲ, ನಾನೂ ಕೇಳಲಿಲ್ಲ.

ಒಂದೇ ಒಂದು ಸಲ ಆ ಪ್ರಸಂಗ ಬಂತು. ಹಾಸ್ಟೆಲಲ್ಲಿ ಮೂರು ವಾರದಿಂದ ನೀರಿಗೆ ತತ್ವಾರ. ಬೆಳಗ್ಗೆ ಐದಕ್ಕೆ ಎದ್ದು ಬಕೆಟ್ ಸಾಲಲ್ಲಿಟ್ಟು ಮತ್ತೆ ಮಲಗೋದು, ಎದ್ದಾಗ ಬಕೆಟ್ಟೂ ಇಲ್ಲ, ನೀರೂ ಇಲ್ಲ. ಅದೇ ಹೊತ್ತಿಗೆ ಸಭಾಂಗಣದ ಮುಂದೆ ಬ್ಯಾನರ್ ಬಿತ್ತು: "ಕುಲಪತಿಗಳೊಂದಿಗೆ ವಿದ್ಯಾರ್ಥಿ ಸಂವಾದ". ಪ್ರಶ್ನೆಗಳನ್ನ ಮುಂಚಿತವಾಗಿ ಚೀಟಿಯಲ್ಲಿ ಬರೆದು ಕೊಡಬೇಕು ಅಂದರು. ಬರೆದೆ. "ಹಾಸ್ಟೆಲ್‌ಗೆ ಮೂರು ವಾರದಿಂದ ನೀರಿಲ್ಲ, ಬೋರ್‌ವೆಲ್ ಮೋಟಾರ್ ಯಾವಾಗ ರಿಪೇರಿ ಮಾಡಿಸ್ತೀರಿ ಸರ್?" ಆ ದಿನ ಪ್ರಾರ್ಥನೆ ಆಯ್ತು, ಸ್ವಾಗತ ಆಯ್ತು, ದೀಪ ಬೆಳಗಿದ್ದಾಯ್ತು, ಪ್ರಾಸ್ತಾವಿಕ ನುಡಿ ಅರ್ಧ ಗಂಟೆ ಆಯ್ತು. ಸಂವಾದಕ್ಕೆ ಉಳಿದಿದ್ದು ಕಾಲು ಗಂಟೆ. ನಿರೂಪಕರು ನನ್ನ ಚೀಟಿ ಬಿಡಿಸಿದರು, ಒಮ್ಮೆ ನೋಡಿದರು, ಒಂದು ಕ್ಷಣ ತಡೆದು ಓದಿದರು: "ಮಾನ್ಯ ಕುಲಪತಿಗಳೇ, ವಿದ್ಯಾರ್ಥಿ ನಿಲಯಗಳ ಅಭಿವೃದ್ಧಿಗೆ ತಮ್ಮ ಮುಂದಿನ ಯೋಜನೆಗಳೇನು?" ಕುಲಪತಿಗಳು ಬಹಳ ಚೆನ್ನಾಗಿ ಉತ್ತರ ಕೊಟ್ಟರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಕೈ ಸುಮ್ಮನಿರಲಿಲ್ಲ.

ಇಪ್ಪತ್ತು ವರ್ಷ ಆಯ್ತು. ಈಗ ನಾನೇ ಡಿಗ್ರಿ ಕಾಲೇಜಲ್ಲಿ ಮೇಷ್ಟ್ರು. ಇದೆಲ್ಲ ಮತ್ತೆ ತಲೆಗೆ ಬಂದಿದ್ದು 2025ರ ಕೊನೆಯಲ್ಲಿ, ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ಮತ್ತೆ ತರಬೇಕು ಅಂತ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಮಾತೆತ್ತಿದಾಗ. ನಮ್ಮಲ್ಲಿ ಚುನಾವಣೆ ನಿಂತಿದ್ದು 1989-90ರ ಸುಮಾರಿಗೆ, ವೀರೇಂದ್ರ ಪಾಟೀಲರ ಸರ್ಕಾರ ಇದ್ದಾಗ. ಕಾರಣ ಹೊಡೆದಾಟ. ಆ ಕಾರಣ ಸುಳ್ಳಲ್ಲ. ನಮ್ಮ ಚಿಕ್ಕಪ್ಪನ ಮುಂದಿನ ಹಲ್ಲೊಂದು ಹೋಗಿದ್ದು ಕಾಲೇಜ್ ಎಲೆಕ್ಷನ್ನಲ್ಲೇ. ಅವರೇನೂ ಕ್ಯಾಂಡಿಡೇಟ್ ಅಲ್ಲ, ಕ್ಯಾಂಡಿಡೇಟಿನ ಗೆಳೆಯನೂ ಅಲ್ಲ, ಸುಮ್ಮನೆ ಕ್ಯಾಂಟೀನಲ್ಲಿ ವಡೆ ತಿಂತಿದ್ದವರು. ಜೀಪು ಬಂದಿದ್ದು, ಹಾಕಿ ಸ್ಟಿಕ್ ಇಳಿದಿದ್ದು, ಯಾವ ಜಾತಿಯವರು ಯಾವ ಕಡೆ ಅನ್ನೋ ಲೆಕ್ಕ, ಎಲ್ಲಾ ಹೇಳ್ತಾರೆ. ಹಾಗಾಗಿ "ಚುನಾವಣೆ ಬೇಡಪ್ಪಾ, ಮಕ್ಕಳು ಓದ್ಕೊಳ್ಳಲಿ" ಅನ್ನೋ ಅಪ್ಪ ಅಮ್ಮಂದಿರನ್ನ ನಾನು ಹಗುರ ಮಾಡಲ್ಲ.

ಆದರೆ ಹೊಡೆದಾಟ ನಿಲ್ಲಿಸೋಕೆ ಹೋಗಿ ಮಾತನ್ನೂ ನಿಲ್ಲಿಸಿಬಿಟ್ಟೆವು. ಮೂರೂವರೆ ದಶಕ ಅಂದ್ರೆ ಆಗ ಓದ್ತಿದ್ದವರ ಮಕ್ಕಳು ಓದಿ ಮುಗಿಸಿ, ಅವರ ಮಕ್ಕಳು ಎಲ್‌ಕೆಜಿ ಸೇರೋ ಹೊತ್ತು.

ಈ ಚರ್ಚೆಯಲ್ಲಿ ಎಲ್ಲರೂ ಲಿಂಗ್ಡೋ ಸಮಿತಿ, ಲಿಂಗ್ಡೋ ಸಮಿತಿ ಅಂತಾರೆ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೋ ಅವರ ಸಮಿತಿ ವಿದ್ಯಾರ್ಥಿ ಸಂಘದ ಚುನಾವಣೆ ಬಗ್ಗೆ ಕೊಟ್ಟ ಶಿಫಾರಸುಗಳನ್ನ ಜಾರಿ ಮಾಡಿ ಅಂತ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿದ್ದು 2006ರ ಸೆಪ್ಟೆಂಬರಲ್ಲಿ. ಅದರಲ್ಲಿ ಜನಕ್ಕೆ ನೆನಪಿರೋದು ಬಿಗಿ ನಿಯಮಗಳು ಮಾತ್ರ. ಒಬ್ಬ ಅಭ್ಯರ್ಥಿಗೆ ಖರ್ಚಿನ ಮಿತಿ 5,000 ರೂಪಾಯಿ, ಅಚ್ಚು ಹಾಕಿಸಿದ ಪೋಸ್ಟರ್ ಇಲ್ಲ, ಕೈಬರಹದ್ದು ಮಾತ್ರ, ಶೇ 75 ಹಾಜರಿ, ಬ್ಯಾಕ್‌ಲಾಗ್ ಇರಕೂಡದು, ನಾಮಪತ್ರದಿಂದ ಫಲಿತಾಂಶದವರೆಗೆ ಹತ್ತೇ ದಿನ. ಕ್ಯಾಂಪಸ್ ವಾತಾವರಣ ಕೆಟ್ಟಿದ್ದರೆ ಸದ್ಯಕ್ಕೆ ನಾಮನಿರ್ದೇಶನ ಮಾಡ್ಕೊಳ್ಳಿ ಅಂತಲೂ ಸಮಿತಿ ಹೇಳಿತ್ತು. ಆದರೆ ಅದಕ್ಕೆ ಎರಡು ಬಾಲ ಇತ್ತು, ಅವು ಎಲ್ಲೋ ಕಳೆದುಹೋದವು. ಒಂದು, ಬರೀ ಅಂಕ ನೋಡಿ ನಾಮನಿರ್ದೇಶನ ಮಾಡಬೇಡಿ. ಎರಡು, ಐದು ವರ್ಷದೊಳಗೆ ಚುನಾವಣೆಗೆ ಬನ್ನಿ. 2006ಕ್ಕೆ ಐದು ಕೂಡಿಸಿದರೆ 2011. ಉಳಿದ ಲೆಕ್ಕ ನೀವೇ ಹಾಕ್ಕೊಳ್ಳಿ.

ಈಗ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಾವಳಿ ನೋಡಿ. ಒಳ್ಳೇ ಅಂಶ ಬಹಳ ಇವೆ. ದೂರು ಬಂದರೆ ಸಮಿತಿ 15 ಕೆಲಸದ ದಿನದೊಳಗೆ ವರದಿ ಕೊಡಬೇಕು, ದೂರು ಕೊಟ್ಟವರಿಗೂ ಒಂದು ಪ್ರತಿ ಸಿಗಬೇಕು, ಸಮಾಧಾನ ಆಗದಿದ್ದರೆ ಒಂಬುಡ್ಸ್‌ಪರ್ಸನ್, ಅಂದ್ರೆ ಮೇಲ್ಮನವಿ ಕೇಳೋ ಅಧಿಕಾರಿ ಹತ್ತಿರ ಹೋಗಬಹುದು. ಅದಕ್ಕೆ ಕೈ ಮುಗೀತೀನಿ. ಆದರೆ ಸಮಿತಿಯಲ್ಲಿ ಕೂರೋರು ಯಾರು? ಅಧ್ಯಕ್ಷರು ಪ್ರೊಫೆಸರ್, ನಾಲ್ಕು ಜನ ಸದಸ್ಯರು ಪ್ರೊಫೆಸರ್ ಅಥವಾ ಹಿರಿಯ ಅಧ್ಯಾಪಕರು. ವಿದ್ಯಾರ್ಥಿ ಒಬ್ಬ, ಅವನೂ ವಿಶೇಷ ಆಹ್ವಾನಿತ. ಆರಿಸೋದು ಓದು, ಆಟ, ಸಾಂಸ್ಕೃತಿಕ ಚಟುವಟಿಕೆ ನೋಡಿ. ರ‍್ಯಾಂಕ್ ಬಂದ ಹುಡುಗಿ ಹಾಸ್ಟೆಲಲ್ಲಿ ಇರೋದೇ ಇಲ್ಲ, ಮನೆಯಿಂದ ಬರ್ತಾಳೆ ಅಂತಿಟ್ಕೊಳ್ಳಿ. ಬಕೆಟ್ ಕತೆ ಅವಳಿಗೆ ಹೇಗೆ ಗೊತ್ತಾಗಬೇಕು? ಗೊತ್ತಾದರೂ, ತನ್ನನ್ನ ಆರಿಸಿದ ಮೇಷ್ಟ್ರ ಎದುರಿಗೇ ಕೂತು ಅದನ್ನ ಎಷ್ಟು ಜೋರಾಗಿ ಹೇಳಿಯಾಳು? ಹುಡುಗಿಯ ತಪ್ಪಲ್ಲ ಅದು. ನನ್ನ ದುಂಡು ಅಕ್ಷರದ ಕತೆಯೂ ಇದೇ ಅಲ್ವಾ? ಯಾರನ್ನ ಪ್ರಶ್ನೆ ಕೇಳಬೇಕೋ ಅವರೇ ನನ್ನನ್ನ ಆರಿಸಿದ್ದರು. ನಾನು ಯಾರಿಗೆ ಉತ್ತರ ಕೊಡಬೇಕಿತ್ತು?

ನನ್ನ ಅಕ್ಕನ ಮಗಳು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಅಂದ್ರೆ ಜೆಎನ್‌ಯುನಲ್ಲಿ ಓದಿ ಬಂದಳು. ಅಲ್ಲಿ ಚುನಾವಣೆ ನಡೆಸೋದು ವಿದ್ಯಾರ್ಥಿಗಳೇ ಮಾಡ್ಕೊಂಡ ಚುನಾವಣಾ ಸಮಿತಿ. ಮತದಾನಕ್ಕೆ ಮುಂಚೆ ಅಧ್ಯಕ್ಷೀಯ ಚರ್ಚೆ ಅಂತ ರಾತ್ರಿ ನಡೆಯುತ್ತೆ. ಅಭ್ಯರ್ಥಿಗಳು ಒಬ್ಬರನ್ನೊಬ್ಬರು ಪ್ರಶ್ನೆ ಕೇಳ್ತಾರೆ, ಕೆಳಗೆ ತಮಟೆ ಬಡಿತಾ ಕೂತಿರೋ ವಿದ್ಯಾರ್ಥಿಗಳೂ ಕೇಳ್ತಾರೆ. ಟಿವಿಯಲ್ಲಿ ತೋರಿಸೋದು ಇಷ್ಟನ್ನೇ. ನನಗೆ ಅದಕ್ಕಿಂತ ಹಿಡಿಸಿದ್ದು ಅವಳು ಹೇಳಿದ ಇನ್ನೊಂದು. "ಮಾಮ, ಅವಧಿ ಮುಗಿದ ಮೇಲೆ ನಮ್ಮ ಸ್ಕೂಲ್ ಕೌನ್ಸಿಲರ್‌ಗಳು ಸಭೆ ಮುಂದೆ ವರದಿ ಓದಬೇಕು. ನಾವು ಅದಕ್ಕೂ ಓಟ್ ಹಾಕ್ತೀವಿ. ವರದಿ ಬಿದ್ದೋದ್ರೆ ಮರ್ಯಾದೆ ಹೋಯ್ತು ಅಂತ." ಸ್ಕೂಲ್ ಅಂದ್ರೆ ಅಲ್ಲಿ ಅಧ್ಯಯನ ವಿಭಾಗ, ಕೌನ್ಸಿಲರ್ ಅಂದ್ರೆ ಅಲ್ಲಿಂದ ಗೆದ್ದು ಬಂದ ವಿದ್ಯಾರ್ಥಿ ಪ್ರತಿನಿಧಿ. ಗೆದ್ದ ಮೇಲೆ ಏನು ಮಾಡಿದೆ ಅಂತ ಓಟು ಹಾಕಿದವರ ಎದುರು ನಿಂತು ಹೇಳೋದು. ನಮ್ಮ ಊರಿನ ಎಷ್ಟು ಎಂಎಲ್‌ಎಗಳು ಹೀಗೆ ನಿಂತಿದ್ದಾರೆ?

ಅಲ್ಲೂ ಎಲ್ಲ ಸರಿಯಿಲ್ಲ. ಲಿಂಗ್ಡೋ ನಿಯಮ ಪಾಲಿಸಿಲ್ಲ ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟು, ಮತ್ತೆ ಚುನಾವಣೆ ಆಗಿದ್ದು 2012ಕ್ಕೆ. 2019ರ ನಂತರ 2024ರ ಮಾರ್ಚ್‌ವರೆಗೆ ಮತ್ತೆ ಖಾಲಿ. ದೆಹಲಿ ವಿಶ್ವವಿದ್ಯಾಲಯದ್ದಂತೂ ಬೇರೆಯೇ ಲೋಕ. 2024ರ ಸೆಪ್ಟೆಂಬರಲ್ಲಿ ಓಟಾಯ್ತು, ಊರ ಗೋಡೆಗಳೆಲ್ಲಾ ಪೋಸ್ಟರ್ ಮಯ. ಮೊದಲು ಗೋಡೆ ತೊಳೀರಿ, ಆಮೇಲೆ ಎಣಿಕೆ ಅಂತ ಅಲ್ಲಿನ ಹೈಕೋರ್ಟ್ ತಡೆ ಹಿಡೀತು. ಫಲಿತಾಂಶ ಬಂದಿದ್ದು ನವೆಂಬರಿಗೆ. ನಾಳೆ ನಮ್ಮಲ್ಲಿ ಚುನಾವಣೆ ಬಂದರೆ ಈ ದೆಹಲಿ ಮಾದರಿ ಬರೋದು ಸುಲಭ, ಜೆಎನ್‌ಯು ವರದಿ ಬರೋದು ಕಷ್ಟ. ಫ್ಲೆಕ್ಸ್ ಹಾಕಿಸೋಕೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಬರ್ತ್‌ಡೇಗೇ ಹಾಕಿಸ್ತೀವಿ.

ಹಾಗಾಗಿ ಚುನಾವಣೆ ಬೇಕಾ ಬೇಡವಾ ಅಂತ ಕೇಳಿದರೆ ಬೇಕು ಅಂತೀನಿ, ಆದರೆ ನನ್ನ ಹಟ ಇರೋದು ಓಟಿನ ದಿನದ ಮೇಲಲ್ಲ. ಪುಸ್ತಕದ ಮೇಲೆ. ನಡಾವಳಿ ಪುಸ್ತಕ. ಸಭೆಯಲ್ಲಿ ಯಾರು ಏನು ಕೇಳಿದರು, ಯಾರು ಏನು ಹೇಳಿದರು, ಯಾವತ್ತಿಗೆ ಮಾಡ್ತೀವಿ ಅಂದರು, ಕೆಳಗೆ ಸಹಿ. ಆಡಳಿತದವರು ತಮ್ಮ ತಮ್ಮಲ್ಲಿ ಮಾತಾಡಿದ್ದಕ್ಕೆಲ್ಲ ನಡಾವಳಿ ಬರೀತಾರೆ. ಸಿಂಡಿಕೇಟಿಗೆ ಇದೆ, ಅಕಾಡೆಮಿಕ್ ಕೌನ್ಸಿಲಿಗೆ ಇದೆ, ಪರ್ಚೇಸ್ ಕಮಿಟಿಗೆ ಇದೆ. ನಾನು ಓದುವಾಗ ವಿದ್ಯಾರ್ಥಿಗಳ ಜೊತೆ ಆಡಿದ್ದಕ್ಕೆ ಮಾತ್ರ ಫೋಟೋ ಇತ್ತು, ನಡಾವಳಿ ಇರಲಿಲ್ಲ. ಆ ಸಂವಾದದ ಮಾರನೇ ದಿನ ಪತ್ರಿಕೆಯ ಒಳಪುಟದಲ್ಲಿ ಎರಡು ಕಾಲಂ ಬಂತು, ಎಲ್ಲರೂ ದೀಪದ ಮುಂದೆ ಬಾಗಿ ನಿಂತಿದ್ದರು.

ಸಂವಾದ ಆದ ವಾರ ನಾವು ಮನವಿ ಪತ್ರವೊಂದನ್ನೂ ಕೊಟ್ಟಿದ್ದೆವು. ಟಪಾಲು ವಿಭಾಗದ ಗುಮಾಸ್ತರು, "ಸೀಲ್ ಯಾಕ್ರೀ ಬೇಕು ನಿಮಗೆ, ಇಟ್ಟೋಗಿ, ಸಾಹೇಬ್ರಿಗೆ ಕೊಡ್ತೀನಿ" ಅಂದರು. ನಮ್ಮಲ್ಲೊಬ್ಬ ಹುಡುಗ, ಅಪ್ಪ ಗ್ರಾಮ ಪಂಚಾಯ್ತಿ ಸದಸ್ಯ, ಕದಲಲಿಲ್ಲ. "ಇನ್‌ವರ್ಡ್ ನಂಬರ್ ಹಾಕಿ ಕೊಡಿ ಸಾರ್, ಇಲ್ಲಾಂದ್ರೆ ಇಲ್ಲೇ ಕೂತಿರ್ತೀನಿ." ಕೊನೆಗೆ ಸೀಲ್ ಬಿತ್ತು. ಆ ನಂಬರ್ ಹಿಡ್ಕೊಂಡು ಅವನು ದಿನಾ ಹೋಗಿ ವಿಚಾರಿಸ್ತಿದ್ದ. ಹನ್ನೊಂದನೇ ದಿನಕ್ಕೆ ಮೋಟಾರ್ ಎತ್ತಿ ರಿಪೇರಿಗೆ ಒಯ್ದರು. ಸಿಆರ್ ನಾನು. ಕೆಲಸ ಮಾಡಿಸಿದ್ದು ಅವನು, ಅವನ ಅಕ್ಷರ ಕೋಳಿ ಕಾಲು.

ಕಳೆದ ಸೆಮಿಸ್ಟರ್ ನನ್ನ ಕ್ಲಾಸಲ್ಲಿ ಸಿಆರ್ ಆರಿಸೋಕೆ ಚೀಟಿ ಹಂಚಿದೆ. ಸಹೋದ್ಯೋಗಿಗಳು ನಕ್ಕರು, "ಏನ್ರೀ, ಲೋಕಸಭೆ ಚುನಾವಣೆ ನಡೆಸ್ತಿದೀರಾ?" ಅಂದರು. ಹುಡುಗರು ಆರಿಸಿದ್ದು ಹಿಂದಿನ ಬೆಂಚಿನ ಹುಡುಗಿಯನ್ನ. ನಾನಾಗಿದ್ದರೆ ಅವಳನ್ನ ಆರಿಸ್ತಾ ಇರಲಿಲ್ಲ ಅಂತ ಒಪ್ಕೊಂಡುಬಿಡ್ತೀನಿ, ಹಾಜರಿಯೂ ಅಷ್ಟಕ್ಕಷ್ಟೆ. ಎರಡನೇ ವಾರಕ್ಕೇ ಅವಳು ಪ್ರಿನ್ಸಿಪಾಲರ ಚೇಂಬರಿಗೆ ಹೋದಳು. ಹೆಣ್ಣುಮಕ್ಕಳ ವಿಶ್ರಾಂತಿ ಕೊಠಡಿಗೆ ಮೂರು ಗಂಟೆಗೇ ಬೀಗ ಬೀಳುತ್ತೆ, ಬಸ್ಸು ಬರೋದು ಐದಕ್ಕೆ, ಅಲ್ಲಿವರೆಗೆ ಎಲ್ಲಿ ಹೋಗಬೇಕು ಅಂತ ಕೇಳೋಕೆ. ನನ್ನನ್ನೂ ಜೊತೆಗೆ ಕರೆದಿದ್ದಳು. ಪ್ರಿನ್ಸಿಪಾಲರು ಒಳ್ಳೆಯವರೇ. "ಆಯ್ತಮ್ಮಾ, ಐದೂವರೆವರೆಗೆ ತೆಗೆದಿಡೋಕೆ ಹೇಳ್ತೀನಿ" ಅಂದರು. ಅವಳು ನೂರು ಪೇಜಿನ ನೋಟ್‌ಬುಕ್ ಬಿಚ್ಚಿ ಮೇಜಿನ ಮೇಲಿಟ್ಟಳು. ಅವರು ಅಂದಿದ್ದನ್ನ ಆಗಲೇ ಬರ್ಕೊಂಡಿದ್ದಳು.

"ಸಾರ್, ಇಲ್ಲೊಂದು ಸೈನ್."

ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ. ಜೇಬಲ್ಲೇ ಇದ್ದ ಪೆನ್ನು ಸ್ವಲ್ಪ ಹೊತ್ತು ಹುಡುಕಿ ಸಹಿ ಹಾಕಿದರು. ತಾರೀಖು ಹಾಕೋದು ಮರೆತಿದ್ದರು. ಅವಳು ಅದನ್ನೂ ಕೇಳಿ ಹಾಕಿಸ್ಕೊಂಡಳು.