ಡಾಂಬರು ಹಾಕಬೇಡಿ, ಜೀಪು ಬರ್ತಿದೆ

ಮಳೆಗಾಲದ ಶನಿವಾರ ಬೆಳಕು ಹರಿಯುವ ಮುಂಚೆ ನೆಲಮಂಗಲದ ದಾರಿಯಲ್ಲಿ ಹಳೆ ಮಾರುತಿ ಜಿಪ್ಸಿ, ಹಳೆ ಮಹೀಂದ್ರ ಥಾರ್, ಮಿಲಿಟರಿ ಹರಾಜಿನಲ್ಲಿ ಹಿಡಿದ ಜೀಪುಗಳ ಸಾಲು ಕಾಣುತ್ತೆ. ತಲೆ ಮೇಲೆ ಟೆಂಟು, ಪಕ್ಕದಲ್ಲಿ ಸಲಿಕೆ, ಮುಂದೆ ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚು, ಗಾಜಿನ ಮೇಲೆ ಸೂರ್ಯನಿಗೇ ಸವಾಲು ಹಾಕುವ ಲೈಟು. ಎಲ್ಲಿಗೆ ಹೊರಟರು ಅಂತ ಕೇಳಿ. ಕೆಟ್ಟ ರಸ್ತೆ ಹುಡುಕಿಕೊಂಡು ಸಕಲೇಶಪುರಕ್ಕೆ. ಈ ಹುಚ್ಚಿಗೆ ಆಫ್‌ರೋಡಿಂಗ್ ಅಂತ ಹೆಸರು. ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರು. ಕೆಟ್ಟ ರಸ್ತೆ ಮುಟ್ಟೋವರೆಗೂ ಒಳ್ಳೆ ರಸ್ತೆ. ಅದಕ್ಕೆ ಟೋಲ್ ಬೇರೆ.

ಕೆಟ್ಟ ರಸ್ತೆಗೆ ಬೆಂಗಳೂರಿನವರು ಅಷ್ಟು ದೂರ ಹೋಗಬೇಕಾ ಅಂತ ಮಾತ್ರ ಕೇಳಬೇಡಿ. ಸಿಟ್ಟು ಬರುತ್ತೆ. ಗುಂಡಿ ಬೇರೆ, ಜೀಪು ಹತ್ತಿಸುವ ಕಚ್ಚಾ ದಾರಿ, ಅಂದರೆ ಟ್ರೈಲ್, ಬೇರೆ. ಗುಂಡಿಗೆ ಬಿದ್ದರೆ ಪಾಲಿಕೆಗೆ ಬೈಯಬೇಕು. ಟ್ರೈಲ್‌ನಲ್ಲಿ ಬಿದ್ದರೆ ವಿಡಿಯೊ ಮಾಡಬೇಕು.

ಜಿಪ್ಸಿಯನ್ನೇ ತಗೊಳ್ಳಿ. 1985ರಲ್ಲಿ ಬಂದ ಗಾಡಿ. ಅದರ ಮಾರಾಟ ನಿಲ್ಲುವವರೆಗೆ, ಮೂರು ದಶಕದಲ್ಲಿ ಕಂಪನಿಯವರು ಮಾಡಿದ ಬದಲಾವಣೆಗಿಂತ ಜಾಸ್ತಿಯನ್ನು ನಮ್ಮವರು ಒಂದು ದೀಪಾವಳಿ ಬೋನಸ್ಸಿನಲ್ಲಿ ಮಾಡಿ ಮುಗಿಸುತ್ತಾರೆ. ಜಿಪ್ಸಿ ಕೆಸರು ದಾಟುವ ಗುಟ್ಟು ಏನೂ ದೊಡ್ಡದಲ್ಲ. ತೂಕ ಕಡಿಮೆ, ಒಂದು ಟನ್ ಆಸುಪಾಸು. ಹಾಗಾಗಿ ಮೊದಲು ಅದಕ್ಕೊಂದು ಕಬ್ಬಿಣದ ಬಂಪರ್ ಹಾಕಿಸುತ್ತಾರೆ. ಮೇಲೊಂದು ಕ್ಯಾರಿಯರ್, ಅದರ ಮೇಲೆ ಟೆಂಟು. ಒಳಗೊಂದು ಫ್ರಿಜ್ಜು. ಭಾರಕ್ಕೆ ಲೀಫ್ ಸ್ಪ್ರಿಂಗ್ ಕೂತುಬಿಡುತ್ತೆ, ಗಾಡಿಯನ್ನು ಮೇಲೆತ್ತಲು ಲಿಫ್ಟ್ ಕಿಟ್ ಬರುತ್ತೆ. ಗಾಡಿ ಎತ್ತರ ಆಯ್ತು, ಸಣ್ಣ ಟಯರ್ ಚೆನ್ನಾಗಿ ಕಾಣಲ್ಲ. ದೊಡ್ಡ ಟಯರ್ ಹಾಕಿದರೆ 1300 ಸಿಸಿ ಎಂಜಿನ್ ಎಳೆಯಲ್ಲ. ಇಷ್ಟೆಲ್ಲ ಆದ ಮೇಲೆ ಗಾಡಿ ಕೆಸರಿಗಿಳಿದು ಹೂತುಕೊಳ್ಳುತ್ತೆ. ಆಗ ಎಲ್ಲರಿಗೂ ಖುಷಿ. ವಿಂಚ್ ಹಾಕಿಸಿದ್ದೇ ಇದಕ್ಕಲ್ವಾ!

ಸ್ನಾರ್ಕೆಲ್ ವಿಷಯ ಇನ್ನೂ ಚೆಂದ. ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ನೀರು ಹೊಕ್ಕರೆ ಕಥೆ ಮುಗಿಯಿತು. ಗಾಳಿ ಒತ್ತಿದಷ್ಟೂ ಕುಗ್ಗುತ್ತೆ, ನೀರು ಕುಗ್ಗಲ್ಲ. ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡೇ ಬಗ್ಗಿಹೋಗುತ್ತೆ. ಅದಕ್ಕೇ ಗಾಳಿಯ ಬಾಯಿಯನ್ನು ಕೊಳವೆಯಲ್ಲಿ ಗಾಡಿಯ ತಲೆವರೆಗೆ ಏರಿಸುತ್ತಾರೆ. ಉಪಾಯ ಸರಿಯಾಗೇ ಇದೆ. ಆದರೆ ಮಾರುಕಟ್ಟೆಯಲ್ಲಿ ಬರೀ ಅಂದಕ್ಕೆ ಅಂಟಿಸುವ ಸ್ನಾರ್ಕೆಲ್ಲೂ ಸಿಗುತ್ತೆ. ಕೊಳವೆ ಹೊರಗಿರುತ್ತೆ, ಒಳಗೆ ಯಾವುದಕ್ಕೂ ಸೇರಿಸಿರೋದಿಲ್ಲ. ಎಂಜಿನ್ ಉಸಿರಾಡೋದು ಹಳೆ ಜಾಗದಿಂದಲೇ. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡ್ ಕೆರೆಯಾದಾಗ ಸಾಫ್ಟ್‌ವೇರ್ ಮಂದಿ ಆಫೀಸಿಗೆ ಹೋಗಿದ್ದು ಟ್ರ್ಯಾಕ್ಟರ್ ಮೇಲೆ. ಟ್ರ್ಯಾಕ್ಟರಿಗೆ ಯಾರೂ ಏನನ್ನೂ ಅಂಟಿಸಿರಲಿಲ್ಲ. (ಎಲ್ಲರೂ ಹೀಗೇ ಅನ್ನೋದು ತಪ್ಪಾಗುತ್ತೆ. 2018ರ ಕೇರಳದ ಪ್ರವಾಹದಲ್ಲಿ ಇಂಥ ಗಾಡಿಯವರು ನೀರಿಗಿಳಿದು ಜನರನ್ನು ದಾಟಿಸಿದ್ದಾರೆ. ಅವರಿಗೆ ನಮಸ್ಕಾರ.)

ಕಾನೂನು ಇದನ್ನೆಲ್ಲ ಬಿಡುತ್ತಾ? ಬಿಡಲ್ಲ. ಕಂಪನಿ ಕೊಟ್ಟ ರೂಪಕ್ಕೆ ಬೇರೆಯಾಗುವಂತೆ ಗಾಡಿ ಬದಲಿಸಬೇಡಿ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಈ ಲೆಕ್ಕ ಹಿಡಿದು ಕೆಲವು ಜೀಪುಗಳ ಮುಂದೆ ಕೂತರೆ ದಂಡ ಗಾಡಿಯ ಬೆಲೆಯನ್ನೇ ದಾಟುತ್ತೆ. ಬಂಪರ್ ಮುಂದೆ ಕಟ್ಟುವ ಕಬ್ಬಿಣದ ಬುಲ್ ಬಾರ್ ಬೇಡ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಪತ್ರ ಬರೆದಿದೆ, ಅಡ್ಡ ಬಂದವರ ಪ್ರಾಣಕ್ಕೆ ಅಪಾಯ ಅಂತ. ಪತ್ರ ಎಲ್ಲ ರಾಜ್ಯಕ್ಕೂ ತಲುಪಿದೆ. ಬುಲ್ ಬಾರ್ ಮಾರುವ ಅಂಗಡಿಗೆ ಮಾತ್ರ ಇನ್ನೂ ತಲುಪಿಲ್ಲ.

15 ವರ್ಷ ದಾಟಿದ ಗಾಡಿಗೆ ಆರ್‌ಸಿ ರಿನ್ಯೂವಲ್ ಇರುತ್ತಲ್ಲ, ಆ ದಿನ ನೋಡಬೇಕು. ಹಿಂದಿನ ರಾತ್ರಿಯೆಲ್ಲ ಗ್ಯಾರೇಜಿನಲ್ಲಿ ಬಿಚ್ಚುವ ಕೆಲಸ. ಬಂಪರ್ ಬಿಚ್ಚಿ, ಲೈಟ್ ಕಳಚಿ, ಸ್ನೇಹಿತನ ಹತ್ತಿರ ಮೂಲದ ಟಯರ್ ಕಡ ತಂದು ಹಾಕಿದ ಗಾಡಿ ಬೆಳಗ್ಗೆ ಆರ್‌ಟಿಓ ಮುಂದೆ ಹೆಣ್ಣು ನೋಡಲು ಹೊರಟ ಹುಡುಗನ ಹಾಗೆ ತಲೆ ತಗ್ಗಿಸಿ ನಿಲ್ಲುತ್ತೆ. ಇನ್‌ಸ್ಪೆಕ್ಟರು ಒಂದು ಸುತ್ತು ಹಾಕುತ್ತಾರೆ. ಬಂಪರ್ ಇದ್ದ ಜಾಗದಲ್ಲಿ ನಾಲ್ಕು ಬೋಲ್ಟಿನ ತೂತು ಕಾಣುತ್ತೆ. ಅವರಿಗೂ ಗೊತ್ತು, ಇವರಿಗೂ ಗೊತ್ತು. ಸಂಜೆ ಹೊತ್ತಿಗೆ ಬಂಪರ್ ಮತ್ತೆ ಅದೇ ತೂತಿಗೆ.

ಇನ್ನು ಊರು ಸೇರೋಣ. ಊರಿನ ಹೆಸರು ಬೇಡ, ಬಿಸಿಲೆ ಘಾಟಿನ ಈಚೆಗೆ ಅಂತಿಟ್ಟುಕೊಳ್ಳಿ. ಮಲೆನಾಡಿನಲ್ಲಿ ಇಂಥ ಊರು ಬೇಕಾದಷ್ಟಿವೆ. ಊರಬಾಗಿಲಲ್ಲಿ ಬ್ಯಾನರ್ ಕಟ್ಟಿದ್ದಾರೆ: 'ರಸ್ತೆ ಇಲ್ಲದಿದ್ದರೆ ಮತ ಇಲ್ಲ.' ನಮ್ಮವರು ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಅದೇ ಬ್ಯಾನರ್ ಕೆಳಗೆ ಫೋಟೊ ತೆಗೆಸಿಕೊಳ್ಳುತ್ತಾರೆ. ಎಂಥಾ ಲೊಕೇಶನ್!

ಆಮೇಲೆ ಟಯರಿನ ಗಾಳಿ ಇಳಿಸಿ, ನಾಲ್ಕೂ ಚಕ್ರ ಎಳೆಯುವ ಫೋರ್ ಲೋ ಗೇರು ಹಾಕಿ, ವಾಕಿಟಾಕಿಯಲ್ಲಿ 'ಲೆಫ್ಟ್, ಲೆಫ್ಟ್, ನಿಧಾನ' ಅಂತ ಕೂಗಾಡಿ ಒಂದು ಏರು ಹತ್ತುವಷ್ಟರಲ್ಲಿ ಮಧ್ಯಾಹ್ನ. ಮೊದಲ ಗಾಡಿ ಹೂತುಕೊಳ್ಳುತ್ತೆ. ಅದನ್ನು ಎಳೆಯಲು ಹೋದ ಎರಡನೆಯದೂ ಹೂತುಕೊಳ್ಳುತ್ತೆ. ಅಷ್ಟರಲ್ಲಿ ಮೇಲಿನಿಂದ ಒಂದು ಹಳೆ ಕಮಾಂಡರ್ ಜೀಪು ಇಳಿದು ಬರುತ್ತೆ. ಒಳಗೆ ಕಾಫಿ ಮೂಟೆ, ಮೂಟೆ ಮೇಲೆ ಶಾಲೆ ಮಕ್ಕಳು, ಮುಂದಿನ ಸೀಟಲ್ಲಿ ಆಸ್ಪತ್ರೆಗೆ ಹೊರಟ ಅಜ್ಜಿ. ಡ್ರೈವರ್ ಹವಾಯಿ ಚಪ್ಪಲಿಯಲ್ಲಿ ಇಳಿದು, ಹಗ್ಗ ಕಟ್ಟಿ, ಎರಡೂ ಗಾಡಿಯನ್ನು ಎಳೆದು ಪಕ್ಕಕ್ಕೆ ಬಿಡುತ್ತಾನೆ. ಅಜ್ಜಿಗೆ ಹೊತ್ತಾಗುತ್ತೆ ನೋಡಿ.

'ಅಣ್ಣಾ, ಇದು ಯಾವ ಟಯರು?'

'ಟಯರು ಸಾರ್.'

'ಅಲ್ಲ, ನುಣ್ಣಗೆ ಸವೆದಿದೆಯಲ್ಲ. ಮಡ್ ಟಯರ್ ಹಾಕಿಸಿ, ಗ್ರಿಪ್ ಚೆನ್ನಾಗಿರುತ್ತೆ.'

'ಹಾಕಿಸೋಣ ಸಾರ್. ಈಗ ನಿಮ್ಮ ಗಾಡಿ ಸ್ವಲ್ಪ ಸೈಡಿಗೆ ತಗೋಳ್ತೀರಾ?'

ಕೊಡಚಾದ್ರಿಗೆ ಜನರನ್ನು ಹೊತ್ತು ಹತ್ತುವ ಜೀಪಿನವರದ್ದೂ ಇದೇ ಜಾತಿ. 1,343 ಮೀಟರಿನ ಬೆಟ್ಟ ಅವರಿಗೆ ಸಾಹಸವಲ್ಲ, ಟ್ರಿಪ್ಪು. ಹತ್ತಿದ್ದಕ್ಕೆ ಯಾರೂ ಚಪ್ಪಾಳೆ ತಟ್ಟಲ್ಲ, ಬಾಡಿಗೆ ಕೊಡುತ್ತಾರೆ.

ಸಂಜೆ ಒಂದಿಬ್ಬರು ದಾರಿ ಬಿಟ್ಟು ಹುಲ್ಲಿನ ಗುಡ್ಡದ ಮೇಲೂ ಗಾಡಿ ಓಡಿಸುತ್ತಾರೆ. ಆ ಟಯರ್ ಗೀರಿನಲ್ಲೇ ಮುಂದಿನ ಮಳೆಯ ನೀರು ಇಳಿಯುತ್ತೆ, ಮಣ್ಣು ಕೊಚ್ಚುತ್ತೆ, ಮರುವರ್ಷ ಅಲ್ಲೊಂದು ಚರಂಡಿ. ಗಾಡಿಯ ಹಿಂದೆ 'ಪಶ್ಚಿಮ ಘಟ್ಟ ಉಳಿಸಿ' ಅನ್ನೋ ಸ್ಟಿಕ್ಕರ್. ಕೆಸರು ಹಾರಿದ್ದರಿಂದ ಸರಿಯಾಗಿ ಓದಕ್ಕಾಗಲ್ಲ, ಬಿಡಿ.

ನಿಜವಾದ ದುಃಖ ಬರುವುದು ಮುಂದಿನ ವರ್ಷ. ಅದೇ ತಂಡ ಅದೇ ಊರಿಗೆ ಬಂದು ನೋಡುತ್ತೆ. ರಸ್ತೆಗೆ ಡಾಂಬರು ಬಿದ್ದಿದೆ! ಬ್ಯಾನರ್ ಇಲ್ಲ. ಆ ಕಮಾಂಡರ್ ಜೀಪು ಟಾಪ್ ಗೇರಿನಲ್ಲಿ ಹೋಗ್ತಿದೆ. ಅಜ್ಜಿ ಆಟೋದಲ್ಲಿ ಆಸ್ಪತ್ರೆಗೆ ಹೋಗಿದ್ದಾರೆ. ನಮ್ಮವರು ಗಾಡಿ ನಿಲ್ಲಿಸಿ ಮೌನವಾಗಿ ನಿಂತರು. 'ಎಂಥಾ ಟ್ರೈಲ್ ಇತ್ತು, ಹಾಳು ಮಾಡಿಬಿಟ್ರಲ್ಲ' ಅಂದರು ಒಬ್ಬರು. 'ಅಭಿವೃದ್ಧಿ ಹೆಸರಲ್ಲಿ ಎಲ್ಲಾ ಹೋಯ್ತು' ಅಂದರು ಇನ್ನೊಬ್ಬರು. ಇನ್ನು ಯಾವ ಊರಿಗೆ ರಸ್ತೆ ಬಂದಿಲ್ಲ ಅಂತ ಮೂರನೆಯವರು ಆಗಲೇ ಮೊಬೈಲಿನಲ್ಲಿ ಹುಡುಕುತ್ತಿದ್ದರು.

ಚಹಾ ಅಂಗಡಿಯ ಗೌಡ್ರಿಗೆ ಪಾಪ ಅನ್ನಿಸಿತು. ಗ್ಲಾಸು ತೊಳೆಯುತ್ತಲೇ ಸಮಾಧಾನ ಹೇಳಿದರು:

'ಬೇಜಾರು ಮಾಡ್ಕೋಬೇಡಿ ಸಾರ್. ಕಂಟ್ರಾಕ್ಟರು ನಮ್ಮ ಕಡೆಯವರೇ. ಈ ಆಷಾಢ ಒಂದು ಕಳೀಲಿ, ನಿಮ್ಮ ಟ್ರೈಲು ನಿಮಗೇ ವಾಪಸ್ ಸಿಗುತ್ತೆ.'