ಎಂಬತ್ತು ವರ್ಷಕ್ಕೆ ಒಂದು ದಿನ ಕಮ್ಮಿ

ಲಂಡನ್ನಿನಲ್ಲಿ ಮೂರು ಲಕ್ಷ ಪೌಂಡ್ ಸುರಿದು ಫ್ಲ್ಯಾಟು ಕೊಂಡವನು ಕಾನೂನಿನ ಕಣ್ಣಿಗೆ ಗೇಣಿದಾರ. 99 ವರ್ಷವೋ 125 ವರ್ಷವೋ ಗುತ್ತಿಗೆ. ಅದು ಮುಗಿದ ದಿನ ಮನೆಯ ಒಡೆತನ ವಾಪಸ್ ನೆಲದೊಡೆಯನಿಗೆ. 1974ರಲ್ಲಿ ದೇವರಾಜ ಅರಸರ ಸರ್ಕಾರ ಉಳುವವನೇ ಹೊಲದೊಡೆಯ ಅಂದಾಗ ನಮ್ಮ ಗೇಣಿದಾರ ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತ. ಇಂಗ್ಲೆಂಡಿನ ಗೇಣಿದಾರನಿಗೂ ಕಾಗದವೊಂದಿದೆ, ಗುತ್ತಿಗೆ ವಿಸ್ತರಿಸು ಅಂತ ಒಡೆಯನಿಗೆ ಕೊಡುವ, 1993ರ ಕಾಯ್ದೆಯ ಸೆಕ್ಷನ್ 42 ನೋಟಿಸು. ಟ್ರಿಬ್ಯೂನಲ್ಲೂ ಇದೆ. ಸಿಗುವುದು ಮಾತ್ರ ಇನ್ನೂ 90 ವರ್ಷದ ಗೇಣಿ. ಅದಕ್ಕೂ ದುಡ್ಡು.

ಎಷ್ಟು ದುಡ್ಡು? ಉದ್ದನೆಯ ಗುತ್ತಿಗೆಯಿದ್ದರೆ ಮೂರು ಲಕ್ಷ ಬಾಳುವ ಫ್ಲ್ಯಾಟು, ವರ್ಷಕ್ಕೆ 100 ಪೌಂಡ್ ನೆಲಬಾಡಿಗೆ, ಉಳಿದಿರುವುದು 80 ವರ್ಷ, ಮೇಲೆ ಒಂದು ದಿನ ಅಂದುಕೊಳ್ಳಿ. 80 ವರ್ಷ ಬಿಟ್ಟು ಒಡೆಯನ ಕೈಗೆ ಬರಬೇಕಿದ್ದ ಮೂರು ಲಕ್ಷವನ್ನು ಶೇ. 5ರಂತೆ ಹಿಂದಕ್ಕೆ ಇಳಿಸಿದರೆ ಇವತ್ತಿಗೆ ಸುಮಾರು 6,050 ಪೌಂಡ್. ಕೈತಪ್ಪುವ ನೆಲಬಾಡಿಗೆಗೆ ಶೇ. 6ರ ಲೆಕ್ಕದಲ್ಲಿ 1,650. ಒಟ್ಟು 7,700. ಸರಿ, ಕೊಡೋಣ. ಒಂದು ವರ್ಷ ಸುಮ್ಮನಿದ್ದು 79ಕ್ಕೆ ಬಂದರೆ ಅದೇ ಲೆಕ್ಕ 8,000 ಆಗುತ್ತದೆ, ಅಂಥ ವ್ಯತ್ಯಾಸವೇನಿಲ್ಲ. ಆದರೆ 80ಕ್ಕೆ ಒಂದೇ ಒಂದು ದಿನ ಕಮ್ಮಿಯಾದರೂ ಸಾಕು, ಮ್ಯಾರೇಜ್ ವ್ಯಾಲ್ಯೂ ಎಂಬುದು ಬಂದು ಚಕ್ಕಂಬಟ್ಲೆ ಹಾಕಿ ಕೂರುತ್ತದೆ. ಗುತ್ತಿಗೆ ಉದ್ದವಾದಾಗ ಫ್ಲ್ಯಾಟಿನ ಬೆಲೆ ಏರುತ್ತದಲ್ಲ, ಆ ಏರಿಕೆಯಲ್ಲಿ ಅರ್ಧ ಒಡೆಯನಿಗೆ. ಈಗಿನ ಗಿಡ್ಡ ಗುತ್ತಿಗೆಯಲ್ಲಿ ಫ್ಲ್ಯಾಟು 2,70,000 ಬಾಳುತ್ತದೆ ಎಂದು ಬೆಲೆ ಕಟ್ಟುವ ಸರ್ವೇಯರ್ ಬರೆದರೆ, ಏರಿಕೆ 30,000; ಅದರಲ್ಲಿ 8,000 ಕಳೆದು ಉಳಿದದ್ದರ ಅರ್ಧ 11,000. ಒಟ್ಟು ಬಿಲ್ಲು 19,000. ಆ 2,70,000 ಎಲ್ಲಿಂದ ಬಂತು? ಇಷ್ಟು ವರ್ಷ ಉಳಿದರೆ ಇಷ್ಟು ಬೆಲೆ ಅಂತ ತೋರಿಸುವ ಗ್ರಾಫಿನಿಂದ. ಗ್ರಾಫುಗಳು ಹಲವು, ಒಂದೊಂದೂ ಒಂದೊಂದು ಹೇಳುತ್ತದೆ. ನಿಮ್ಮ ಸರ್ವೇಯರ್ ಮೇಲಿನ ಗೆರೆ ಹಿಡಿದರೆ ಅವರ ಸರ್ವೇಯರ್ ಕೆಳಗಿನದು ಹಿಡಿಯುತ್ತಾನೆ.

ಇದಕ್ಕೆ ಮದುವೆಯ ಹೆಸರಿಟ್ಟವರಿಗೆ ನಮ್ಮ ಕಡೆಯ ರಿವಾಜು ಚೆನ್ನಾಗಿ ಗೊತ್ತಿರಬೇಕು: ವರದಕ್ಷಿಣೆಯೂ ಹೆಣ್ಣಿನ ಕಡೆಯದು, ದಿಬ್ಬಣದ ಬಸ್ ಚಾರ್ಜೂ ಹೆಣ್ಣಿನ ಕಡೆಯದು. ಸೆಕ್ಷನ್ 60ರ ಪ್ರಕಾರ ಒಡೆಯನ ವಕೀಲ, ಸರ್ವೇಯರ್ ಇಬ್ಬರ ನ್ಯಾಯವಾದ ಫೀಸೂ ಗುತ್ತಿಗೆದಾರನ ತಲೆಗೆ. ಟ್ರಿಬ್ಯೂನಲ್ಲಿನ ವಾದದ ಖರ್ಚೊಂದೇ ಅವರವರದು.

ಇದು ಅನ್ಯಾಯ ಅಂತ ಪಾರ್ಲಿಮೆಂಟಿಗೇ ಅನ್ನಿಸಿತು. ಎಲೆಕ್ಷನ್ ಘೋಷಣೆಯಾಗಿ ಎರಡೇ ದಿನಕ್ಕೆ, 2024ರ ಮೇ 24ರಂದು, ಗಂಟುಮೂಟೆ ಕಟ್ಟುತ್ತಲೇ ಹೊಸ ಕಾಯ್ದೆ ಪಾಸು ಮಾಡಿದರು. ಮ್ಯಾರೇಜ್ ವ್ಯಾಲ್ಯೂ ರದ್ದು, ವಿಸ್ತರಣೆ 990 ವರ್ಷ. ರಾಜಮುದ್ರೆಯೂ ಬಿತ್ತು. ಜಾರಿಯ ದಿನಾಂಕ ಮಾತ್ರ ಬೀಳಲಿಲ್ಲ. ಲೆಕ್ಕದ ದರ ನಿಗದಿ ಮಾಡಲು ಮೊದಲು ಸಮಾಲೋಚನೆ ಆಗಬೇಕಂತೆ. 2025ರ ಜನವರಿ 31ರಂದು ಒಂದು ತುಂಡು ಜಾರಿಯಾಯಿತು: ಫ್ಲ್ಯಾಟು ಕೊಂಡವರು ನೋಟಿಸು ಕೊಡಲು ಎರಡು ವರ್ಷ ಕಾಯಬೇಕೆಂಬ ನಿಯಮ ಹೋಯಿತು. ಅಂದರೆ ಹಳೇ ರೇಟನ್ನೇ ಎರಡು ವರ್ಷ ಮುಂಚೆ ತೆರುವ ಹಕ್ಕು ಸಿಕ್ಕಿತು. ಅತ್ತ ಕ್ಯಾಡೊಗನ್, ಗ್ರೋವ್ನರ್ ಎಸ್ಟೇಟುಗಳಂಥ, ಲಂಡನ್ನಿನ ಬೀದಿಗೆ ಬೀದಿಯೇ ತಮ್ಮದಾಗಿರುವ ಒಡೆಯರು ಮಾನವ ಹಕ್ಕಿನ ಉಲ್ಲಂಘನೆಯಾಯಿತೆಂದು ಹೈಕೋರ್ಟಿನ ಮೆಟ್ಟಿಲೇರಿದರು. 2025ರ ಅಕ್ಟೋಬರಿನಲ್ಲಿ ಅರ್ಜಿ ವಜಾ. ಕಾಯ್ದೆ ಗೆದ್ದಿತು, ಗೆದ್ದು ಕಪಾಟಿನಲ್ಲೇ ಉಳಿಯಿತು.

ಸ್ಲೌ, ರೆಡಿಂಗ್ ಕಡೆ ಫ್ಲ್ಯಾಟು ಮಾಡಿಕೊಂಡ ನಮ್ಮ ಸಾಫ್ಟ್‌ವೇರ್ ಮಂದಿಯಲ್ಲಿ ಯಾರಿಗಾದರೂ 81 ವರ್ಷ ಉಳಿದಿದ್ದರೆ ಅವರ ಪಾಡು ನೋಡಿ. ಕಾದು ಹೊಸ ಕಾಯ್ದೆ ಜಾರಿಯಾದರೆ ಮ್ಯಾರೇಜ್ ವ್ಯಾಲ್ಯೂ ಭಯವಿಲ್ಲ, ಕಾದು ಕೆಟ್ಟರೆ 80ರ ಕೆಳಗೆ. ತಿಳಿದವರು ಹೇಳುವುದಿಷ್ಟೆ: ಬೆಲೆಯ ಲೆಕ್ಕ ಹಿಡಿಯುವುದು ನೋಟಿಸು ತಲುಪಿಸಿದ ದಿನಕ್ಕೆ. 80 ವರ್ಷ ಒಂದು ವಾರ ಇರುವಾಗ ತಲುಪಿಸಿದರೆ, ಜಗಳ ಒಂದೂವರೆ ವರ್ಷ ಎಳೆದರೂ ಮ್ಯಾರೇಜ್ ವ್ಯಾಲ್ಯೂ ಹತ್ತಿರ ಸುಳಿಯುವುದಿಲ್ಲ. ಆದರೆ ನೋಟಿಸು ತಪ್ಪು ಒಡೆಯನಿಗೆ ಹೋದರೆ ಕೆಲಸ ಕೆಟ್ಟಿತು. ನೆಲದ ಮಾಲೀಕ ಒಬ್ಬ, ನಡುವೆ ಹೆಡ್ ಲೀಸ್ ಹಿಡಿದವನು, ಅಂದರೆ ಮಾಲೀಕನಿಂದ ಗುತ್ತಿಗೆ ಪಡೆದು ನಿಮಗೆ ಒಳಗುತ್ತಿಗೆ ಕೊಟ್ಟವನು, ಇನ್ನೊಬ್ಬ. ಅವನ ಕೈಯಲ್ಲಿ ನಿಮ್ಮ ಗುತ್ತಿಗೆಗಿಂತ ಬರೀ ನಾಲ್ಕು ದಿನದ ಹೆಚ್ಚುವರಿ ಅವಧಿಯಿದ್ದರೆ 90 ವರ್ಷ ಕೊಡುವ ತಾಕತ್ತು ಅವನಿಗಿರುವುದಿಲ್ಲ.

ಉತ್ತರವಾಗಿ ಪ್ರತಿನೋಟಿಸು ಕೊಡಲು ಒಡೆಯನಿಗೆ ಕನಿಷ್ಠ ಎರಡು ತಿಂಗಳು ಬಿಡಬೇಕು. ನಡುವೆ ಠೇವಣಿ ಕೇಳುತ್ತಾನೆ: ನೀವು ಹೇಳಿದ ಬೆಲೆಯ ಶೇ. 10 ಅಥವಾ 250 ಪೌಂಡ್, ಯಾವುದು ಹೆಚ್ಚೋ ಅದು. ಪ್ರತಿನೋಟಿಸು ಬಂದ ಎರಡು ತಿಂಗಳ ನಂತರ, ಆರು ತಿಂಗಳ ಒಳಗೆ ಟ್ರಿಬ್ಯೂನಲ್ಲಿಗೆ ಅರ್ಜಿ ಹಾಕಬೇಕು. ಆರು ತಿಂಗಳಿಗೆ ಒಂದು ದಿನ ಮೀರಿದರೆ ನೋಟಿಸು ಹಿಂಪಡೆದಂತೆ, ಇನ್ನೊಂದು ಕೊಡಲು ಹನ್ನೆರಡು ತಿಂಗಳು ಕಾಯಬೇಕು, ಒಡೆಯನ ಖರ್ಚು ಮಾತ್ರ ಕಟ್ಟಬೇಕು. ಈ ಹೊತ್ತಿಗೇ ಬರುತ್ತದೆ ಒಡೆಯನ ನಯವಾದ ಪತ್ರ: ಕೋರ್ಟು ಕಚೇರಿ ಯಾಕೆ, ನಾವೇ 125 ವರ್ಷ ಮಾಡಿಕೊಡುತ್ತೇವೆ, ಕಡಿಮೆಗೆ. 2022ರ ಜೂನ್ ತನಕ ಅದರ ಮೂರನೇ ಪುಟದಲ್ಲಿ ನೆಲಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ ಅನ್ನುವುದಿರುತ್ತಿತ್ತು.

ಕಾಯ್ದೆಯ ದಾರಿಯಲ್ಲೇ ಹೋಗಿ ದಡ ಸೇರಿದರೆ ನೆಲಬಾಡಿಗೆ ವರ್ಷಕ್ಕೆ ಒಂದು ಕಾಳುಮೆಣಸು. ಶಿರಸಿಯ ಮಂಡಿಯಲ್ಲಿ ತೂಕಕ್ಕೂ ಬಾರದ ಅದನ್ನು ಕೇಳಲು ಯಾವ ಒಡೆಯನೂ ಬರುವುದಿಲ್ಲ. ಸರ್ವಿಸ್ ಚಾರ್ಜಿನ ಬಿಲ್ಲು ಮಾತ್ರ ತಪ್ಪದೆ ಬರುತ್ತದೆ.